ಪಟ್ಟೆಮಡಿಯ ವಾಷರು

"ಈ ಮನೆಯ ನಲ್ಲಿಗೆ ಇನ್ನು ಮುಂದೆ ನನ್ನ ಕೈಯೊಂದೇ! ಬೇರೆ ನರಮನುಷ್ಯನ ಕೈ ಸೋಕಕೂಡದು!"

ಹೀಗೆಂದು ನಾನು ಘರ್ಜಿಸಿದ್ದು ಈಶ್ವರ ಸಂವತ್ಸರದ ಒಂದು ಭಾನುವಾರ ಬೆಳಗ್ಗೆ, ಮಳವಳ್ಳಿಯ ನಮ್ಮ ಮನೆಯ ಅಡಿಗೆಮನೆಯ ಮೂಲೆಯಲ್ಲಿ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಕೈಯಲ್ಲಿ ಅಡಕತ್ತರಿ ಹಿಡಿದುಕೊಂಡು. ಬೇರೆ ಆಯುಧ ನಮ್ಮ ಮನೆಯಲ್ಲಿ ಇರಲಿಲ್ಲ. ಘರ್ಜನೆ ಕೇಳಿಸಿಕೊಂಡವರು ಇಬ್ಬರು: ನನ್ನ ಹೆಂಡತಿ ಗೋದಾ, ಮತ್ತು ಮೂರು ದಿನದಿಂದ ತೊಟ್ಟಿಕ್ಕುತ್ತಿದ್ದ ಆ ನಲ್ಲಿ. ಇಬ್ಬರೂ ಹೆದರಲಿಲ್ಲ.

"ನಿಮ್ಮ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಹೇಳಿ," ಎಂದಳು ಗೋದಾ. "ಗಡಿಯಾರ ಬಿಚ್ಚಿದಿರಿ, ಈಗ ನೆರಳು ನೋಡಿ ಅನ್ನಕ್ಕೆ ಇಡ್ತೀನಿ. ಸೀಮೆಎಣ್ಣೆ ಸ್ಟವ್ ಬಿಚ್ಚಿದಿರಿ, ನನ್ನ ಹುಬ್ಬು ಹೋಯಿತು. ಸುಮ್ಮನೆ ಆ ಮರಿಸಿದ್ದಯ್ಯನ್ನ ಕರೆಸೀಂದ್ರೆ."

"ಕರೆಸು! ಕರೆಸಿದರೆ ಅವನು ನಿಲ್ಲೋದೆಲ್ಲಿ? ಅಡಿಗೆಮನೆಯೊಳಗೆ? ಅಮ್ಮನಿಗೆ ಗೊತ್ತಾದರೆ ಪ್ರಾಣ ಬಿಡ್ತಾರೆ!"

ಅಮ್ಮನ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಎಲ್ಲ ವಾದವೂ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮುಗಿಸುತ್ತಿದ್ದವನು ಯಾವಾಗಲೂ ನಾನೇ.

ನಾನು ಯಾರೆಂದು ಹೇಳಲಿಲ್ಲವಲ್ಲ! ಸಂಪತ್ ಕುಮಾರ, ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟ್ರು. ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ಒಂಬತ್ತು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಇಂಥ ಜಲಶಾಸ್ತ್ರ ಪಾರಂಗತನ ಮನೆಯಲ್ಲಿ ಒಂದು ನಲ್ಲಿ ಸೋರುವುದೆಂದರೆ ಏನು! ಅದು ನನ್ನ ಮಾನದ ಪ್ರಶ್ನೆಯಾಗಿತ್ತು.

ಆದರೆ ಆ ನಲ್ಲಿ ಮನೆಗೆ ಬಂದದ್ದು ಮಾನಕ್ಕಾಗಿ ಅಲ್ಲ. ಗೋದಾಳಿಗೆ ಎರಡು ಸಲ ಆರು ತಿಂಗಳು ತುಂಬುವ ಹೊತ್ತಿಗೆ ಬಸಿರು ಹೋಗಿತ್ತು. ಎರಡನೆಯ ಸಲ ಅವಳೇ ಹೋಗಿಬಿಡುತ್ತಾಳೆ ಎಂದುಕೊಂಡಿದ್ದೆವು. ಮೈಸೂರಿನ ಡಾಕ್ಟರಮ್ಮ ನನ್ನನ್ನು ಆಚೆಗೆ ಕರೆದು, "ದಿನಕ್ಕೆ ಎಷ್ಟು ಕೊಡ ಸೇದುತ್ತಾಳೆ?" ಎಂದು ಕೇಳಿದರು. "ನಲವತ್ತಿರಬಹುದು," ಎಂದೆ. "ಇನ್ನು ಬಾವಿಯ ಹಗ್ಗ ಮುಟ್ಟಿಸಬೇಡಿ. ಮುಟ್ಟಿಸುವುದಾದರೆ ಮುಂದಿನ ಸಲ ನನ್ನ ಹತ್ತಿರ ಕರೆತರಬೇಡಿ," ಎಂದರು. ಆಗ ಬೀದಿಯ ಪೈಪಿನಿಂದ ಒಂದು ಕವಲು ಎಳೆಸಿ ನಲ್ಲಿಯನ್ನು ಅಡಿಗೆಮನೆಗೇ ತಂದೆ. ಎರಡು ವರ್ಷ ಗೋದಾ ಹಗ್ಗ ಹಿಡಿಯಲಿಲ್ಲ. ಈಗ ಮೂರನೆಯದು. ಏಳನೆಯ ತಿಂಗಳು ನಡೆಯುತ್ತಿತ್ತು, ಮನೆಯಲ್ಲಿ ಯಾರೂ ಆ ಮಾತನ್ನು ಜೋರಾಗಿ ಆಡುತ್ತಿರಲಿಲ್ಲ.

ಕವಲು ಎಳೆದವನು ಮರಿಸಿದ್ದಯ್ಯ. ಶಿವನಸಮುದ್ರದ, ಅಂದರೆ ನಮ್ಮ ಕಡೆಯವರು ಬ್ಲಫ್ ಎನ್ನುತ್ತಾರಲ್ಲ, ಅಲ್ಲಿಯ ಕರೆಂಟು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದ ಫಿಟ್ಟರು. ಇಡೀ ಕಾವೇರಿ ನಾನೂರು ಅಡಿ ಕೆಳಕ್ಕೆ ಇಳಿಯುವ ಪೈಪುಗಳಿಗೆ ಬೋಲ್ಟು ಬಿಗಿದವನು. ನಮ್ಮ ಮನೆಯಲ್ಲಿ ಅವನು ಮುಕ್ಕಾಲು ಅಂಗುಲದ ಪೈಪನ್ನು ಹಿತ್ತಿಲ ಗೋಡೆಯವರೆಗೆ ತಂದು, ಗೋಡೆಯ ಆಚೆಯೇ ನಿಂತ. ಊರಾಚೆಯ ಕೇರಿಯವನು, ಒಳಗೆ ಬರುವ ಪ್ರಶ್ನೆಯೇ ಏಳಲಿಲ್ಲ. ಗೋಡೆಯೊಳಗಿನ ಸಾಕೆಟ್ಟಿಗೆ, ಅಂದರೆ ಎರಡು ಪೈಪು ಕೂಡುವ ಬಳೆಗೆ, ಈಚೆಯ ಗಜದುದ್ದದ ಪೈಪನ್ನೂ ನಲ್ಲಿಯನ್ನೂ ತಿರುಗಿಸಿ ಕೂರಿಸಿದವನು ನಾನು. ಆ ಗೋಡೆಯೋ ತಾತನ ಕಾಲದ್ದು, ಎರಡಡಿ ದಪ್ಪದ ಹಸಿಮಣ್ಣಿನದು. ಅದರ ತಲೆಯ ಮೇಲೆ ಸೂರಿನ ತೊಲೆ ಕೂತಿತ್ತು.

ಸರಿ, ಅಡಕತ್ತರಿಯಿಂದ ನಲ್ಲಿಯ ಕತ್ತು ಹಿಡಿದು ತಿರುಚಿದೆ. ಬಿಚ್ಚಿಕೊಂಡಿತು! ಚಿಮ್ಮಿದ ನೀರಿನ ಬಾಯಿಗೆ ಒಂದು ಚಿಂದಿ ತುರುಕಿದೆ. ಒಳಗಿನಿಂದ ಕಪ್ಪಗೆ ಸವೆದ ಒಂದು ಬಿಲ್ಲೆ ಅಂಗೈಗೆ ಬಿತ್ತು. ಅದೇ ಹೊತ್ತಿಗೆ ಅಮ್ಮ ಒದ್ದೆ ಮಡಿಯಲ್ಲಿ ತಾಮ್ರದ ಬಿಂದಿಗೆ ಹಿಡಿದು ಬಂದರು.

"ಅದೇನೋ ಸಂಪತ್ತು, ಕೈಯಲ್ಲಿ?"

ಯಾರಾದರೂ 'ಅದೇನು' ಎಂದು ಕೇಳಿದರೆ ಸುಮ್ಮನಿರುವ ಮೇಷ್ಟ್ರು ಇನ್ನೂ ಹುಟ್ಟಿಲ್ಲ. ನಾನು ಅದನ್ನು ಬೆಳಕಿಗೆ ಎತ್ತಿ ಹಿಡಿದು ಪಾಠ ಶುರುಮಾಡಿದೆ. "ಇದಕ್ಕೆ ವಾಷರು ಅಂತಾರೆ ಅಮ್ಮ. ನೀರನ್ನು ಬಿಗಿಯಾಗಿ ತಡೆಯುವುದು ಇದೇ. ತೊಗಲಿನದು. ತೊಗಲು ನೆನೆದಷ್ಟೂ ಉಬ್ಬುತ್ತದೆ, ಆದ್ದರಿಂದ..."

ಬಿಂದಿಗೆ ಢಣಾರೆಂದು ನೆಲಕ್ಕೆ ಬಿತ್ತು.

"ತೊಗಲು? ಯಾವುದರ ತೊಗಲೋ?"

"ಸಾಮಾನ್ಯವಾಗಿ ದನದ್ದು," ಎಂದೆ. ವಿಜ್ಞಾನ ಸುಳ್ಳು ಹೇಳುವುದಿಲ್ಲ!

ಅಮ್ಮ ಗೋಡೆಗೆ ಒರಗಿ ಕೂತರು. ಎರಡು ವರ್ಷದ ದೇವರ ಅಭಿಷೇಕ ಆ ನೀರಿನಲ್ಲಿ. ಎರಡು ವರ್ಷದ ನೈವೇದ್ಯದ ತಳಿಗೆ ಆ ನೀರಿನಲ್ಲಿ. ಅವರ ತುಟಿ ಒಂದೊಂದನ್ನೇ ನೆನೆಯುತ್ತ ಅಲ್ಲಾಡುತ್ತಿತ್ತು. ಕೊನೆಗೆ, "ನಿಮ್ಮಪ್ಪನಿಗೆ ಎರಡು ತಿಥಿ, ತೊಗಲು ತೊಳೆದ ನೀರಲ್ಲಿ ಪಿಂಡ ಇಟ್ಟೆಯೇನೋ ಪಾಪಿ!" ಎಂದು ಅಳುವುದಕ್ಕೆ ಶುರುಮಾಡಿದರು. ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಕಾಫಿಯಲ್ಲಿ ಒಂದು ಕೂದಲು ಕಂಡರೂ ಇಡೀ ಪಾತ್ರೆ ಚೆಲ್ಲಿಸುತ್ತಿದ್ದ ಮನುಷ್ಯ ಅಪ್ಪ.

ಅಂದಿನಿಂದ ನಲ್ಲಿಗೆ ಬಹಿಷ್ಕಾರ. ಅಮ್ಮ ಬಾವಿಯ ನೀರಿಗೇ ಮರಳಿದರು. ಅರವತ್ತೆಂಟು ವಯಸ್ಸಿನ ಆಕೆ ಎರಡು ಕೊಡ ಸೇದಿ ಸೊಂಟ ಹಿಡಿದುಕೊಂಡು ಕೂತರು. ಮರುದಿನ ನಾನು ಸೇದುತ್ತೇನೆಂದು ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಹದಿನೈದು ಕೊಡ ಎಳೆದು, ಸ್ಕೂಲಿಗೆ ಒಂದು ಗಂಟೆ ತಡವಾಗಿ ಹೋಗಿ, ಹೆಡ್‌ಮೇಷ್ಟರಿಂದ ಮಂಗಳಾರತಿ ಮಾಡಿಸಿಕೊಂಡೆ. ಮಧ್ಯಾಹ್ನ ಮನೆಗೆ ಬಂದರೆ ಹಿತ್ತಿಲಿನಲ್ಲಿ ರಾಟೆಯ ಕಿರ್ ಕಿರ್ ಶಬ್ದ. ಓಡಿದೆ. ಗೋದಾ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟುಕೊಂಡು ನಿಂತಿದ್ದಳು.

"ಬುದ್ಧಿ ಇದೆಯೇನೇ ನಿನಗೆ!" ಎಂದು ಹಗ್ಗ ಕಿತ್ತುಕೊಂಡೆ.

"ನೀವು ಸೇದಿದ್ದೆಲ್ಲ ದೇವರಮನೆ ತೊಳೆಯೋಕೆ ಮುಗೀತು, ಅಮ್ಮ ಬೆಳಗ್ಗಿಂದ ಬಾಯಿಗೆ ನೀರು ಹಾಕಿಲ್ಲಾಂದ್ರೆ. ನೋಡಿಕೊಂಡು ಹೇಗಿರಲಿ? ನಾಲ್ಕೇ ಕೊಡ."

"ಆ ನಾಲ್ಕು ಕೊಡದಲ್ಲಿ ಏನು ಹೋಗುತ್ತೆ ಗೊತ್ತೇನು?"

"ನನಗಿಂತ ನಿಮಗೆ ಚೆನ್ನಾಗಿ ಗೊತ್ತೇ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಉಳಿದ ಕೊಡಗಳನ್ನು ನಾನೇ ಸೇದಿದೆ.

ಆ ಕ್ಷಣದಲ್ಲಿ ನನ್ನೊಳಗಿನ ಭಗೀರಥ ಎದ್ದ! ತೊಗಲಿಲ್ಲದ ವಾಷರನ್ನು ಕಂಡುಹಿಡಿದೇ ತೀರುತ್ತೇನೆ! ಮೊದಲು ತೆಂಗಿನ ನಾರನ್ನು ಸುತ್ತಿ ಕೂರಿಸಿದೆ. ನಲ್ಲಿ ಅದನ್ನು ನನ್ನ ಬಲಗಣ್ಣಿಗೆ ಉಗಿಯಿತು. ಆಲದ ಎಲೆಯನ್ನು ಎಂಟು ಪದರ ಮಡಿಸಿದೆ. ಎಲೆ ಕೊಳೆತು ನೀರು ಹಸಿರಾಗಿ ಬಂತು. ಬೂರುಗದ ಹತ್ತಿಗೆ ಜೇನುಮೇಣ ಕಲಸಿ ಮೆತ್ತಿದೆ. ಅದು ಪೈಪಿನೊಳಕ್ಕೇ ಹೋಗಿ ಇವತ್ತಿನವರೆಗೆ ಪತ್ತೆಯಿಲ್ಲ. ಕೊನೆಗೆ ಅಮ್ಮನೇ ದಾರಿ ತೋರಿದರು. ರೇಷ್ಮೆಗೆ ಮೈಲಿಗೆಯಿಲ್ಲ! ಪೆಟ್ಟಿಗೆಯಿಂದ ಅಪ್ಪನ ಪೂಜೆಯ ಪಟ್ಟೆಮಡಿಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ತಾವೇ ಅದರ ಅಂಚನ್ನು ಕತ್ತರಿಸಿ ಕೊಟ್ಟರು.

"ಇದಕ್ಕೆ ದೋಷವಿಲ್ಲ. ನೀನು ಹಾಕು. ಆ ಹುಡುಗಿ ಹಗ್ಗ ಮುಟ್ಟಕೂಡದು," ಎಂದರು.

ಎಂಟು ಮಡಿಕೆ ಮಡಿಸಿ, ದುಂಡಗೆ ಕತ್ತರಿಸಿ, ಮೇಣದಲ್ಲಿ ಅದ್ದಿ, ಜಗತ್ತಿನ ಪ್ರಥಮ ಶ್ರೀವೈಷ್ಣವ ವಾಷರನ್ನು ನಲ್ಲಿಯೊಳಗೆ ಪ್ರತಿಷ್ಠಾಪಿಸಿದೆ. ಇನ್ನೂ ಒಂದು ಹನಿ ಜಿನುಗುತ್ತಿತ್ತು. ಬಿಗಿ ಮಾಡಿದೆ. ಮತ್ತೂ ಜಿನುಗಿತು. ಆಗ ಬಲಗಾಲನ್ನು ಗೋಡೆಗೆ ಕೊಟ್ಟು, ಉಸಿರು ಕಟ್ಟಿ, ಅಡಕತ್ತರಿಯನ್ನು ಎರಡು ಕೈಯಲ್ಲೂ ಹಿಡಿದು ತಿರುಚಿದೆ ನೋಡಿ! ಗೋಡೆಯೊಳಗೆಲ್ಲೋ 'ಕಟಕ್' ಎಂದಿತು. ಹನಿ ನಿಂತಿತು.

"ನೋಡಿದೆಯಾ?" ಎಂದು ಮೀಸೆ ತಿರುವಿದೆ.

"ಏನೋ ಕಟಕ್ ಅಂತಲ್ಲಾಂದ್ರೆ?" ಎಂದಳು ಗೋದಾ.

"ಅದು ವಾಷರು ಕೂತ ಸದ್ದು."

ನಾಲ್ಕು ದಿನ ನಾನು ಸ್ಕೂಲಿನಲ್ಲೂ ಬೀದಿಯಲ್ಲೂ ಎದೆಯುಬ್ಬಿಸಿ ಓಡಾಡಿದೆ. ಎದುರುಮನೆಯ ವೆಂಕಟರಾಮಯ್ಯನವರು, ನಮ್ಮ ಬೀದಿಯ ಆಚಾರಕ್ಕೆಲ್ಲ ಅವರೇ ಹೈಕೋರ್ಟು, ಖುದ್ದು ಬಂದು ವಾಷರಿನ ವಿವರ ಕೇಳಿ, "ಭೇಷ್! ಮಡಿಯನ್ನು ಉಳಿಸಿದೆ ಕಣಯ್ಯ," ಎಂದು ಬೆನ್ನು ತಟ್ಟಿದರು. ಐದನೆಯ ದಿನ ನಲ್ಲಿಯ ಹಿಂದಿನ ಗೋಡೆಯಲ್ಲಿ ತಟ್ಟೆಯಗಲ ತೇವ ಕಾಣಿಸಿತು. ಏಳನೆಯ ದಿನ ಅದು ಬಾಗಿಲಗಲವಾಯಿತು.

"ಏನೂಂದ್ರೆ, ಗೋಡೆ ಬೆವರ್ತಾ ಇದೆ."

"ಅದಕ್ಕೆ ಆವಿಯ ಸಾಂದ್ರೀಕರಣ ಅಂತಾರೆ. ಒಲೆಯ ಬಿಸಿಗೆ ಆಗುತ್ತೆ."

"ಬೆರಳಿಟ್ಟರೆ ಒಳಗೆ ಹೋಗುತ್ತೆ."

"ಸಾಂದ್ರೀಕರಣ ಜಾಸ್ತಿಯಾದರೆ ಹಾಗೇ."

"ಸಾಂದ್ರೀಕರಣಕ್ಕೆ ಎರೆಹುಳು ಬರುತ್ತಾಂದ್ರೆ?" ಎಂದು ಸೌಟಿನ ಮೇಲೆ ಒಂದನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಜೀವಂತವಾಗಿತ್ತು.

ಮರುದಿನ ಬೆಳಗ್ಗೆ, ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿಕೊಂಡು, ಮರಿಸಿದ್ದಯ್ಯನನ್ನು ಹಿತ್ತಿಲ ಓಣಿಯಿಂದ ಕರೆಸಿದೆ. ಐವತ್ತರ ಹತ್ತಿರದ ಮನುಷ್ಯ. ತಲೆಗೆ ಕೆಂಪು ವಸ್ತ್ರ, ಹೆಗಲಿಗೆ ಗೋಣಿಚೀಲದಲ್ಲಿ ಸಾಮಾನು. ಹೊರಗಿನಿಂದಲೇ ಗೋಡೆಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದ. ಆಮೇಲೆ ಗೋಡೆಯನ್ನು ಗೆಣ್ಣಿನಿಂದ ತಟ್ಟಿದ. ಅವನ ಮುಖ ಸಣ್ಣಗಾಯಿತು.

"ಬುದ್ಧಿ, ಯಾರು ಇದ್ನ ಇಂಗೆ ತಿರ್ಚಿದ್ದು? ಸಾಕೆಟ್ಟು ಬಿಟ್ಕಂಡದೆ. ಎಂಟು ದಿನದಿಂದ ನೀರು ಗೋಡೆ ಒಳೀಕೇ ಓಯ್ತಾ ಅದೆ. ಇದು ಈಗ ಗೋಡೆ ಅಲ್ಲ ಕಣ್ ಬುದ್ಧಿ, ಕೆಸ್ರು."

"ವಾಷರಿನ ತೊಂದರೆ ಇತ್ತಪ್ಪ. ತೊಗಲಿನದು ಆಗಬಾರದು ಅಂತ..."

"ಅಯ್ಯೋ, ರಬ್ಬರಿಂದು ಬತ್ತದಲ್ಲ! ನನ್ ಚೀಲದಾಗೇ ನಾಕವೆ. ಒಂದ್ ಮಾತು ಕೇಳಿದ್ರೆ ಕೊಡ್ತಿರ್ನಿಲ್ವಾ?"

ಕಿಟಕಿಯ ಒಳಗೆ ನಿಂತಿದ್ದ ಗೋದಾ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ವರ್ಣಿಸಲಾರೆ. ಅಂಚು ಕತ್ತರಿಸಿದ ಅಪ್ಪನ ಪಟ್ಟೆಮಡಿ ನೆನಪಾಯಿತು.

"ಈಗ ಏನು ಮಾಡಬೇಕು?" ಎಂದೆ.

"ಮೊದ್ಲು ಬೀದಿ ವಾಲ್ವು ಮುಚ್ಬೇಕು. ಆಮ್ಯಾಕೆ ಒಳ್ಗಡೆಯಿಂದ ತೊಲೆಗೆ ಗುಜ್ಜುಗಂಬ ಕೊಟ್ಟು ನಿಲ್ಲಿಸ್ಬೇಕು. ಆಮ್ಯಾಕೆ ಪೈಪು ಮುಟ್ಬೇಕು. ನಾನು ಒಳೀಕೆ ಬರ್ಬೇಕು ಬುದ್ಧಿ."

"ವಾಲ್ವು ಮುಚ್ಚಿದರೆ ಇಡೀ ಬೀದಿಗೆ ನೀರು ನಿಲ್ಲುತ್ತೆ. ವೆಂಕಟರಾಮಯ್ಯನವರು ಏನು ಎತ್ತ ಅಂತ ಕೇಳಿಕೊಂಡು ಬರ್ತಾರೆ. ಬೇಡ. ಒಳಗೆ ಬರೋದಂತೂ ಆಗದ ಮಾತು. ಅಮ್ಮ..."

"ಅವ್ವಾರು ಮನೇಲಿ ಇಲ್ವಲ್ಲ. ಒಂದ್ ಗಳಿಗೆ ಬಂದು ಓಯ್ತೀನಿ."

"ಅವರಿಗೆ ಗೊತ್ತಾಗದೆ ಇರುತ್ತೇನಯ್ಯ!"

"ಬರಲಿ ಬಿಡೀಂದ್ರೆ. ಅಮ್ಮನಿಗೆ ನಾನೇ ಹೇಳ್ತೀನಿ," ಎಂದಳು ಗೋದಾ.

"ನೀನು ಸುಮ್ಮನಿರು! ಅವರ ಮನಸ್ಸು ನಿನಗಿಂತ ನನಗೆ ಗೊತ್ತು."

ನಾನು ರಾಜಿಸೂತ್ರ ಮಂಡಿಸಿದೆ. ಮರಿಸಿದ್ದಯ್ಯ ಹಿತ್ತಿಲಿನಲ್ಲಿ ನಿಂತು ಹೊರಗಿನ ಪೈಪನ್ನು ಭದ್ರವಾಗಿ ಹಿಡಿಯುವುದು. ನಾನು ಒಳಗಿನಿಂದ ಗಜ ಪೈಪನ್ನು ಬಿಗಿ ಮಾಡುವುದು. ಅವನು ಹೇಳುವುದು, ನಾನು ಮಾಡುವುದು. ನಲ್ಲಿಯ ಮೂಲೆಗೆ ಅವನ ಮಾತು ಸರಿಯಾಗಿ ಕೇಳುತ್ತಿರಲಿಲ್ಲವಾದ್ದರಿಂದ, ಕಿಟಕಿಯ ಹತ್ತಿರ ಗೋದಾ ನಿಂತು ಅಲ್ಲಿಂದ ಇಲ್ಲಿಗೆ ಮಾತು ಮುಟ್ಟಿಸುವುದು. ಕಿಟಕಿಗೂ ನಲ್ಲಿಗೂ ಇದ್ದದ್ದು ಕೆಸರಾದ ಅದೇ ಒಂದು ಗೋಡೆ! ಇಷ್ಟು ಹೊತ್ತಿಗಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ಗುಜ್ಜು ಕೊಡ್ದೆ ಮುಟ್ಬ್ಯಾಡಿ ಬುದ್ಧಿ," ಎಂದ ಮರಿಸಿದ್ದಯ್ಯ.

"ಕೊಟ್ಟೆ," ಎಂದೆ. ಒರಳಿನ ಪಕ್ಕದ ಒನಕೆಯನ್ನು ಒಂದು ಮಣೆಯ ಮೇಲೆ ನಿಲ್ಲಿಸಿ ತೊಲೆಗೆ ಆನಿಸಿದೆ. ಅದು ಒಂದು ಗೇಣು ಕಡಿಮೆ ಬಿತ್ತು. ಮೇಲೊಂದು ಸೇರು ಪಾತ್ರೆ ಮಗುಚಿ ಇಟ್ಟೆ. ಈಗ ಸರಿಹೋಯಿತು!

ಅವನು ತನ್ನ ದೊಡ್ಡ ರೆಂಚನ್ನು ಕಿಟಕಿಯ ಕಂಬಿಗಳ ನಡುವೆ ತೂರಿಸಿ ಒಳಗಿಟ್ಟ. ನಾನು ಅದರ ಮೇಲೆ ಒಂದು ಉದ್ಧರಣೆ ನೀರು ಚಿಮುಕಿಸಿ ಶುದ್ಧಿ ಮಾಡಿ ಎತ್ತಿಕೊಂಡೆ. ಅವನು ನೋಡುತ್ತಿದ್ದ.

"ಬಲಕ್ಕೆ ಅರ್ಧ ಸುತ್ತು ತಿರ್ಗ್ಸಕ್ಕೇಳಿ ಅವ್ವಾ. ಅರ್ಧವೇ. ಮೆತ್ತಗೆ."

"ಬಲಕ್ಕೆ ಅರ್ಧ ಸುತ್ತಂತೇಂದ್ರೆ, ಮೆತ್ತಗೆ," ಎಂದಳು ಗೋದಾ.

ಇಲ್ಲಿ ನನ್ನ ವಿದ್ಯೆ ಜಾಗೃತವಾಯಿತು. ಆಹಾ, ಬಲಕ್ಕೆ! ಯಾರ ಬಲಕ್ಕೆ? ಅವನು ನನ್ನ ಎದುರು ನಿಂತಿದ್ದಾನೆ. ಪೈಪನ್ನು ಆ ತುದಿಯಿಂದ ನೋಡಿದವನ ಬಲ, ಈ ತುದಿಯಿಂದ ನೋಡಿದವನ ಎಡ! ಪಾಪ, ಓದಿಲ್ಲದವನಿಗೆ ಇಷ್ಟು ಸೂಕ್ಷ್ಮ ಎಲ್ಲಿ ತಿಳಿಯಬೇಕು? ನಾನೇ ತಿದ್ದಿಕೊಂಡು ಎಡಕ್ಕೆ ತಿರುಗಿಸಿದೆ.

"ಬುಡಿ! ಬುಡಿ! ಬಲಕ್ಕೆ ಅಂದೆ ಕಣ್ ಬುದ್ಧಿ!"

"ಬಲಕ್ಕಂತೇಂದ್ರೆ!"

"ಅವನ ಬಲ ನನ್ನ ಎಡ ಕಣೇ! ಅವನಿಗೆ ಹೇಳು!" ಎಂದು ಇನ್ನೊಂದು ಸುತ್ತು ಎಡಕ್ಕೇ ಎಳೆದೆ.

"ಅವ್ವಾ, ನಾನು ಅವ್ರ ಕಡೆಯಿಂದ್ಲೇ ಲೆಕ್ಕ ಆಕಿ ಏಳಿದ್ದು! ನಿಲ್ಸಕ್ಕೇಳಿ!"

ಅವನು ಆಗಲೇ ತಿರುವಿ ಹೇಳಿದ್ದನ್ನು ನಾನು ಮತ್ತೊಮ್ಮೆ ತಿರುವಿದ್ದೆ. ಹನ್ನೊಂದು ವರ್ಷ ಪೈಪಿನ ಎರಡು ತುದಿಯಲ್ಲೂ ನಿಂತು ಕೆಲಸ ಮಾಡಿದವನಿಗೆ ನನ್ನ ಬಲ ಯಾವುದೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಗಜ ಪೈಪು ನನ್ನ ಕೈಗೆ ಬಂತು. ಹಿಂದೆಯೇ ಬೀದಿಯ ನೀರೆಲ್ಲ ನನ್ನ ಎದೆಗೆ ಬಂದು ಹೊಡೆಯಿತು. ನಾನು ಹಿಮ್ಮುಖವಾಗಿ ಅಕ್ಕಿಡಬ್ಬದ ಮೇಲೆ ಬಿದ್ದೆ. ಬಿದ್ದಲ್ಲಿಂದ ಕಂಡದ್ದು ಇಷ್ಟು: ಗೋಡೆ ಒಮ್ಮೆ ಹೊಟ್ಟೆ ಉಬ್ಬಿಸಿತು. ಸೇರು ಪಾತ್ರೆ ಟಣ್ ಎಂದು ಹಾರಿತು. ಕಿಟಕಿ ತನ್ನ ಚೌಕಟ್ಟಿನ ಸಮೇತ ಒಳಕ್ಕೆ ವಾಲಿತು. ಅದರ ಕೆಳಗೆ ಗೋದಾ ಎರಡು ಕೈಯಿಂದಲೂ ಹೊಟ್ಟೆಯನ್ನು ಮುಚ್ಚಿಕೊಂಡು ನಿಂತಿದ್ದಳು.

ನಾನು ಕೂಗಿದೆ. ಎದ್ದೇಳಲಾಗಲಿಲ್ಲ. ಇದನ್ನು ಎಷ್ಟು ಸಲ ನೆನೆದರೂ ಇಷ್ಟೇ: ನಾನು ಅಕ್ಕಿಯ ಮೇಲೆ ಕೂತು ಕೂಗುತ್ತಿದ್ದೆ.

ಹಿತ್ತಿಲ ಬಾಗಿಲು ಒದ್ದುಕೊಂಡು ಮರಿಸಿದ್ದಯ್ಯ ಒಳಗೆ ಬಂದ. ತೊಲೆ ಇಳಿಯುತ್ತಿದ್ದ ಹಾಗೆ ಅದಕ್ಕೆ ಎಡಗೈ ಕೊಟ್ಟು, ಬಲಗೈಯಲ್ಲಿ ಗೋದಾಳ ಸೊಂಟ ಬಳಸಿ ಎಳೆದ. ಆಮೇಲೆ ಧಡಾರೆಂದು ಎಲ್ಲವೂ ಬಿತ್ತು. ಮಣ್ಣಿನ ಮೋಡ ಇಳಿದಾಗ ಅವನು ಅಡಿಗೆಮನೆ ದಾಟಿ, ದೇವರಮನೆಯ ಹೊಸಿಲು ದಾಟಿ, ನಡುಮನೆಯಲ್ಲಿ ಅವಳನ್ನು ಎತ್ತಿಕೊಂಡು ನಿಂತಿದ್ದ. ಅವನ ಎಡಗೈಯಿಂದ ರಕ್ತ ಸುರಿಯುತ್ತಿತ್ತು. ಅದೇ ಹೊತ್ತಿಗೆ ಬೀದಿಯ ಬಾಗಿಲಿನಲ್ಲಿ ಅಮ್ಮ, ಕೈಯಲ್ಲಿ ತೀರ್ಥದ ಬಟ್ಟಲು.

ಅಮ್ಮ ಬಟ್ಟಲನ್ನು ಗೂಡಿನಲ್ಲಿಟ್ಟು, ತಾವು ಮಲಗುವ ಚಾಪೆಯನ್ನು ಎಳೆದು ಹಾಸಿ, "ಇಲ್ಲಿ ಮಲಗಿಸಪ್ಪಾ, ಮೆತ್ತಗೆ. ತಲೆ ನೋಡಿಕೊ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಜಟಕಾ ತರೋ ಮುಂಡೇದೇ!" ಎಂದು ಕಿರುಚಿದರು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದನ್ನೆಲ್ಲ ನಗುತ್ತ ಬರೆಯುವ ಮುಖ ನನಗೆಲ್ಲಿಂದ ಬರಬೇಕು? ಗೋದಾ ಉಳಿದಳು. ಅಂದು ಸಂಜೆಯೇ ಹೆಣ್ಣುಮಗು ಹುಟ್ಟಿತು, ನನ್ನ ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಹದಿನೆಂಟು ದಿನ ಅದನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದರು. ಹದಿನೆಂಟು ದಿನ ಯಾರೂ ಅದಕ್ಕೆ ಹೆಸರಿನ ಮಾತೆತ್ತಲಿಲ್ಲ. ಈಗ ಅದಕ್ಕೆ ಎರಡು ವರ್ಷ, ನನ್ನ ಚಾಳೀಸನ್ನು ಮುರಿಯುವ ವಯಸ್ಸು. ಮರಿಸಿದ್ದಯ್ಯನ ಎಡಗೈಯ ಎರಡು ಬೆರಳು ಮಾತ್ರ ಹೋದವು. ನೋಡಲು ಅವನ ಮನೆಗೆ ಹೋದಾಗ ನಾನು ಅತ್ತುಬಿಟ್ಟೆ. ಅವನ ಹೆಂಡತಿ ಶಿವನಂಜಮ್ಮ, "ಅತ್ರೆ ಬೆಳ್ಳು ಬಂದದಾ ಸ್ವಾಮಿ? ರೆಂಚು ಇಡಿಯೋ ಕೈ ಅದು," ಎಂದಳು. ನನಗೆ ಕಾಫಿ ಲೋಟ ಕೊಟ್ಟಳು, ನಾನು ಕುಡಿಯುವವರೆಗೆ ಬಾಗಿಲಲ್ಲಿ ನಿಂತು ನೋಡಿದಳು. ಕುಡಿದೆ.

ಆದರೆ ನಾನು ನಿಜವಾಗಿ ಬಿದ್ದದ್ದು ಅಕ್ಕಿಡಬ್ಬದ ಮೇಲೂ ಅಲ್ಲ, ಮರಿಸಿದ್ದಯ್ಯನ ಮನೆಯಲ್ಲೂ ಅಲ್ಲ. ಅಂದಿನ ಮಧ್ಯಾಹ್ನ ಆಸ್ಪತ್ರೆಯ ಜಗಲಿಯಲ್ಲಿ. ಒಳಗಿನಿಂದ ಗೋದಾಳ ನರಳು ಕೇಳುತ್ತಿತ್ತು. ಒಂದು ಕಡೆ ಮರಿಸಿದ್ದಯ್ಯ ಕೈಗೆ ಪಟ್ಟಿ ಸುತ್ತಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಇನ್ನೊಂದು ಕಡೆ ಅಮ್ಮ, ಸೀರೆಯೆಲ್ಲ ಮಣ್ಣು, ಜಪ ಮಾಡುತ್ತಿದ್ದರು. ನನಗೆ ಭಯ ಎಷ್ಟು ಏರಿತ್ತೆಂದರೆ ಯಾರ ಮೇಲಾದರೂ ಹಾಯದಿದ್ದರೆ ಸಾಯುತ್ತೇನೆ ಎನ್ನಿಸಿತು. ಅಮ್ಮನ ಮೇಲೆ ಹಾಯ್ದೆ.

"ಎಲ್ಲ ನಿನ್ನ ಮಡಿಯಿಂದ! ಅವನು ಬೇಡಿಕೊಂಡ, ಒಳಗೆ ಬರ್ತೀನಿ ಅಂತ. ನಿನಗೆ ಹೆದರಿ ನಾನು ಬಿಡಲಿಲ್ಲ. ಬಿಟ್ಟಿದ್ದರೆ ಇದು ಯಾವುದೂ ಆಗ್ತಿರಲಿಲ್ಲ! ನಿನ್ನ ಮಡಿ ನನ್ನ ಮನೆ ತೆಗೆಯಿತು!"

ಅಮ್ಮ ಜಪ ನಿಲ್ಲಿಸಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸುಖವಾಗಿರುತ್ತಿತ್ತು.

"ತೊಗಲು ಬೇಡ ಅಂದೆ, ನಿಜ. ಅವನು ಬೇಡ ಅಂತ ಯಾವತ್ತು ಅಂದೆನೋ? ನೀನು ಕೇಳಿದೆಯಾ?" ಎಂದರು. "ವೆಂಕಟರಾಮಯ್ಯನಿಗೆ ನೀನು ಹೆದರಿಕೊಂಡು ನನ್ನ ಹೆಸರು ಹೇಳಿದೆಯಾ? ಬಸುರಿ ಹುಡುಗಿಯ ತಲೆ ಮೇಲೆ ಗೋಡೆ ಬೀಳುತ್ತೆ ಅಂದರೆ ನಾನು ತಡೀತಿದ್ದೆನೇ? ಅವನು ಬಂದು ಕೆಲಸ ಮಾಡಿ ಹೋದ ಮೇಲೆ ಒಂದು ಸ್ನಾನ ಮಾಡ್ಕೊಂಡಿರ್ತಿದ್ದೆ. ಅಷ್ಟೇ ತಾನೆ ಸಂಪತ್ತು? ದಿನಕ್ಕೆ ಮೂರು ಸ್ನಾನ ಮಾಡೋಳಿಗೆ ನಾಲ್ಕನೇದು ಭಾರವಾಗ್ತಿತ್ತೇನೋ?"